ಭೂಮಿಯ ಪಾಲು ಕೇಳಿದ ವರ್ಷ

ಹೋದ ತಿಂಗಳು ನಮ್ಮ ಶಾಲೆಯ ಟೀಚರೊಬ್ಬರ ಗೃಹಪ್ರವೇಶಕ್ಕೆಂದು ಮಗಳನ್ನು ಕರೆದುಕೊಂಡು ರಾಯಚೂರಿನಿಂದ ಮಾನ್ವಿಗೆ ಹೋಗಿದ್ದೆ. ಬಸ್ಸು ಊರು ಮುಟ್ಟುವ ಮೊದಲೇ ಕಿಟಕಿಯಿಂದ ಕುದಿಸಿದ ನೆಲ್ಲಿನ ವಾಸನೆ ಒಳಗೆ ನುಗ್ಗಿತು. ಹೊಟ್ಟು ಸುಟ್ಟ ಹೊಗೆ, ಬಿಸಿ ಆವಿ, ಅದರೊಳಗೊಂದು ಹುಳಿ. ಪಕ್ಕದಲ್ಲಿದ್ದ ಭೂಮಿಕಾ ಮೂಗು ಮುಚ್ಚಿಕೊಂಡಳು.

“ಅವ್ವಾ, ಏನಿದು ವಾಸನಿ?”

“ಅಕ್ಕಿ ಗಿರಣಿದು. ನೀ ಹುಟ್ಟಿ ಬೆಳದದ್ದು ಇದೇ ವಾಸನಿಯಾಗ.”

“ಛೀ,” ಎಂದು ಅವಳು ಆಚೆ ತಿರುಗಿದಳು.

ಅವಳಿಗೆ ಅದೇನೂ ನೆನಪಿಲ್ಲ. ನನಗೆ ಮರೆಯುವ ಮನಸ್ಸಿಲ್ಲ. ಆ ಒಂದು ವರ್ಷದ ಮಾತು ಬಂದಾಗ ಈಗಲೂ ಜನ “ಪಾಪ, ಭಾಳ ಕಷ್ಟಪಟ್ಟಿ” ಎನ್ನುತ್ತಾರೆ. ನನಗೆ ಸಿಟ್ಟು ಬರುತ್ತದೆ. ಕಷ್ಟಪಟ್ಟೆ, ನಿಜ. ಆದರೆ ಅದು ನಾನು ಜಗಳವಾಡಿದ ವರ್ಷ.

ನಾನು ದೇವದುರ್ಗದ ಹುಡುಗಿ. ಅಪ್ಪ ಬಸ್ ಕಂಡಕ್ಟರ್ ಆಗಿ ನಿವೃತ್ತರಾದವರು. ಬಿ.ಎಡ್. ಮುಗಿಸಿದ ವರ್ಷವೇ ನನ್ನನ್ನು ಮಾನ್ವಿಯ ಅಕ್ಕಿ ಗಿರಣಿಯವರ ಎರಡನೆಯ ಮಗ ಮಹಾಂತೇಶನಿಗೆ ಕೊಟ್ಟರು. ಗಿರಣಿಯ ಕಂಪೌಂಡಿನೊಳಗೇ ಮನೆ. ಬೆಳಗಿನಿಂದ ಸಂಜೆತನಕ ಮಷೀನಿನ ಸದ್ದು, ಲಾರಿಗಳ ಸದ್ದು, ಹಮಾಲರ ಕೂಗು. ಭೂಮಿಕಾ, ನಮ್ಮ ಭೂಮಿ, ಹುಟ್ಟಿದಾಗ ಆ ಗದ್ದಲದಲ್ಲಿ ಅವಳು ನಿಶ್ಚಿಂತೆಯಿಂದ ಮಲಗುವುದನ್ನು ಕಂಡು ಮಾವ ಬಂದವರಿಗೆಲ್ಲ ಹೆಮ್ಮೆಯಿಂದ ಹೇಳುತ್ತಿದ್ದರು: “ಗಿರಣಿ ಮನಿ ಹುಲಿ ಇದು. ಸಪ್ಪಳಕ್ಕ ಅಂಜಂಗಿಲ್ಲ.”

ಅವಳಿಗೆ ಎರಡು ತುಂಬಿ ಕೆಲವು ತಿಂಗಳಾಗಿದ್ದವು. ಒಂದು ಮಧ್ಯಾಹ್ನ ಕರೆಂಟು ಹೋಗಿ ಗಿರಣಿ ನಿಂತಿತು. ಇದ್ದಕ್ಕಿದ್ದಂತೆ ಇಡೀ ಅಂಗಳ ಮೌನವಾಯಿತು. ತಗಡಿನ ಮೇಲೆ ಗುಬ್ಬಿ ನಡೆಯುವುದೂ ಕೇಳುತ್ತಿತ್ತು. ಭೂಮಿ ನನಗೆ ಬೆನ್ನು ಮಾಡಿ ಹೊಟ್ಟಿನ ರಾಶಿಯಲ್ಲಿ ಆಡುತ್ತಿದ್ದಳು. ಕರೆದೆ. ತಿರುಗಲಿಲ್ಲ. ಚಪ್ಪಾಳೆ ತಟ್ಟಿದೆ. ತಿರುಗಲಿಲ್ಲ. ಒಳಗಿನಿಂದ ತಾಮ್ರದ ಕೊಡ ತಂದು ಅವಳ ಹಿಂದೆ ಕಲ್ಲಿನ ಮೇಲೆ ಬೀಳಬಿಟ್ಟೆ. ಅತ್ತೆ ಗಾಬರಿಯಾಗಿ ಓಡಿಬಂದರು. ನನ್ನ ಮಗಳು ಹೊಟ್ಟನ್ನು ಮುಷ್ಟಿಯಲ್ಲಿ ಹಿಡಿದು ಗಾಳಿಗೆ ತೂರುತ್ತ ತನ್ನಷ್ಟಕ್ಕೆ ನಗುತ್ತಿದ್ದಳು.

ರಾಯಚೂರಿನ ಡಾಕ್ಟರು ಪರೀಕ್ಷೆ ಮಾಡಿ, ಎರಡೂ ಕಿವಿ ಬಹಳ ಮಂದ, ಆದರೆ ಪೂರ್ತಿ ಹೋಗಿಲ್ಲ, ಈಗಲೇ ಒಳ್ಳೆಯ ಮಷೀನು ಹಾಕಿ ಮಾತಿನ ತರಬೇತಿ ಕೊಡಿಸಿದರೆ ಮಾತು ಬರುತ್ತದೆ ಎಂದರು. ತಡಮಾಡಬೇಡಿ ಎಂದು ಒತ್ತಿ ಹೇಳಿದರು. ಮನೆಯಲ್ಲಿ ಅತ್ತೆ ತಲೆಗೆ ಕೈ ಇಟ್ಟುಕೊಂಡು ಕೂತರು. ಅವತ್ತಿನಿಂದ ಆ ಮನೆಯಲ್ಲಿ ಭೂಮಿ ಎಂಬ ಹೆಸರು ನಿಂತುಹೋಯಿತು. ಆ ಕೂಸು, ಅದು, ಅದಕ್ಕ ಎಂದೇ ಮಾತು.

ಮಹಾಂತೇಶ ಕೆಟ್ಟವನಲ್ಲ ಎಂದು ಎಲ್ಲರೂ ಹೇಳುತ್ತಿದ್ದರು. ಕುಡಿಯುವುದಿಲ್ಲ, ಕೈ ಎತ್ತುವುದಿಲ್ಲ. ಆ ಕೆಟ್ಟವನಲ್ಲದವನು ಏನು ಮಾಡಿದ ಹೇಳುತ್ತೇನೆ. ಯುಗಾದಿಗೆ ನಮ್ಮಿಬ್ಬರನ್ನೂ ದೇವದುರ್ಗಕ್ಕೆ ಬಿಟ್ಟು ಹೋದ. ಹಬ್ಬಕ್ಕೆ ಬೇಕಾದುದಕ್ಕಿಂತ ಬ್ಯಾಗು ಭಾರವಾಗಿದೆ ಎಂದು ನನಗೆ ದಾರಿಯಲ್ಲೇ ಅನ್ನಿಸಿತ್ತು. ಬಿಚ್ಚಿದರೆ ಮಗುವಿನ ಬಟ್ಟೆಗಳೆಲ್ಲ ಅದರಲ್ಲಿದ್ದವು, ಸಣ್ಣವಾದವೂ ಸಹ. ಅವನು ಕರೆಯಲು ಬರಲಿಲ್ಲ. ಫೋನು ಎತ್ತಲಿಲ್ಲ. ಚೈತ್ರ ಮುಗಿಯುವುದರೊಳಗೆ ಅವನಿಗೆ ಸಿರವಾರದ ಕಡೆ ಹೆಣ್ಣು ನೋಡುತ್ತಿದ್ದಾರೆಂಬ ಸುದ್ದಿ ಬಂತು. ಅಲ್ಲಿಯವರೆಗೆ ನಾನು ಗಂಡನನ್ನು “ಅವರು” ಎನ್ನುತ್ತಿದ್ದೆ. ಅವತ್ತಿನಿಂದ “ಅವನು” ಎನ್ನುತ್ತಿದ್ದೇನೆ.

ಬಳೆ ಮಾರಿ ಭೂಮಿಗೆ ಕಿವಿ ಮಷೀನು ಕೊಡಿಸಿದೆ. ಆ ಬೇಸಿಗೆಯಿಡೀ ಅವಳನ್ನು ಸೊಂಟದ ಮೇಲೆ ಕೂರಿಸಿಕೊಂಡು ದೇವದುರ್ಗದಿಂದ ರಾಯಚೂರಿಗೆ ಮಾತಿನ ತರಬೇತಿಗೆ ಹೋಗಿಬರುತ್ತಿದ್ದೆ. ರಾಯಚೂರಿನ ಬಿಸಿಲು ಗೊತ್ತಿರುವವರಿಗೆ ನಾನು ವರ್ಣಿಸಬೇಕಾಗಿಲ್ಲ. ಬಸ್ಸಿನ ಸರಳು ಹಿಡಿದರೆ ಅಂಗೈ ಸುಡುತ್ತಿತ್ತು. ಬೆವರು ಒಳಗೆ ಹೋದರೆ ಮಷೀನು ಕೆಡುತ್ತದೆ ಎಂದು ತರಬೇತಿ ಕೊಡುವ ಸುನೀತಾ ಟೀಚರ್ ಹೇಳಿದ್ದರು. ದಾರಿಯುದ್ದಕ್ಕೂ ಸೀರೆಯ ಸೆರಗಿನಿಂದ ಅವಳ ಕಿವಿಯ ಹಿಂದೆ ಒರೆಸುವುದೇ ನನ್ನ ಕೆಲಸ. ಮನೆಗೆ ಬಂದರೆ ಮಷೀನನ್ನು ಬಿಚ್ಚಿ, ತೇವ ಹೀರಲೆಂದು ಅಕ್ಕಿ ತುಂಬಿದ ಡಬ್ಬಿಯಲ್ಲಿ ಇಡುತ್ತಿದ್ದೆ.

ವಕೀಲರ ಹತ್ತಿರ ಹೋಗು ಎಂದು ಹೇಳಿದವರೂ ಸುನೀತಾ ಟೀಚರೇ. ರಜಿಯಾ ಮೇಡಂ ಅವರ ಆಫೀಸು ಕೋರ್ಟಿಗೆ ಹತ್ತಿರದ ಒಂದು ಓಣಿಯಲ್ಲಿತ್ತು. ಐವತ್ತು ದಾಟಿದ ಹೆಂಗಸು. ನಾನು ಹೋದಾಗ ಸೌತೆಕಾಯಿ ಹೆಚ್ಚಿ ಉಪ್ಪುಖಾರ ಹಚ್ಚಿಕೊಂಡು ತಿನ್ನುತ್ತಿದ್ದರು. ಭೂಮಿಗೂ ಒಂದು ಹೋಳು ಕೊಟ್ಟು, ನನ್ನ ಕಥೆಯನ್ನು ಕೊನೆತನಕ ಕೇಳಿದರು.

“ಈಗ ಏನು ಮಾಡ್ಬೇಕಂತೀರಿ?”

“ಮೇಡಂ, ಆ ಮನಿಯವರ ಮುಂದ ನಾ ಕೈ ಒಡ್ಡಂಗಿಲ್ಲ. ನನಗ ದುಡಿಯಾಕ ಕೈ ಅದಾವ.”

“ಭಾಳ ಛಲೋ. ಈಕಿಗೆ ಅದಾವೇನು ದುಡಿಯಾಕ?” ಎಂದು ಭೂಮಿಯ ಕಡೆ ತೋರಿಸಿದರು.

ನಾನು ಭೂಮಿಯ ಕಿವಿಯ ಹಿಂದಿನ ಬೆವರು ಒರೆಸಿದೆ.

“ಕೇಳ್ರಿ ಇಲ್ಲಿ. ನಿಮ್ಮ ಅಭಿಮಾನ ನಿಮಗಿರ್ಲಿ. ಅದಕ್ಕ ಈ ಹುಡುಗಿ ಕಿವಿ ಯಾಕ ಬಲಿ ಕೊಡ್ತೀರಿ? ಗಂಡ ಹೆಂಡ್ತಿ ಬಿಡಬಹುದು. ಅಪ್ಪ ಮಗಳ್ನ ಬಿಡ್ತೀನಂದ್ರ ಅಂಥ ಡೈವೋರ್ಸ್ ಯಾವ ಕೋರ್ಟಿನಾಗೂ ಇಲ್ಲ. ಈಕಿನ್ನ ಸಾಕೋದು ಅವಂಗ ಬಿದ್ದ ಜವಾಬ್ದಾರಿ. ನಿಮಗ ಮಾಡೋ ಉಪಕಾರ ಅಲ್ಲ.”

“ನಾ ನೌಕರಿಗೆ ಹೋದ್ರ?”

“ಹೋಗ್ರಿ. ಕೋರ್ಟು ನಿಮ್ಮ ಪಗಾರನೂ ನೋಡ್ತದ, ಅವನ ಗಳಿಕಿನೂ ನೋಡ್ತದ. ನೀವು ದುಡೀತೀರಂತ ಅವನ ಪಾಲು ಮಾಫ್ ಆಗಂಗಿಲ್ಲ.”

ನನ್ನ ನಿಜವಾದ ಭಯ ಬೇರೆಯಿತ್ತು. ದುಡ್ಡು ಕೊಟ್ಟವನು ನಾಳೆ ಮಗಳು ನನ್ನವಳು ಎಂದು ಎಳೆದುಕೊಂಡು ಹೋದರೆ? ಅದನ್ನು ಕೇಳಿದಾಗ ಮೇಡಂ ಸೌತೆಕಾಯಿ ಕೆಳಗಿಟ್ಟರು.

“ರೊಕ್ಕದ ಮಾತು ಬ್ಯಾರೆ, ಕೂಸಿನ ಭೇಟಿ ಮಾತು ಬ್ಯಾರೆ. ಭೇಟಿ ಮಾಡ್ಸಿಲ್ಲಂತ ಅವ ರೊಕ್ಕ ನಿಲ್ಸಂಗಿಲ್ಲ. ರೊಕ್ಕ ಕೊಟ್ಟಿಲ್ಲಂತ ನೀವೂ ಕೂಸಿನ ಮಾರಿ ತೋರ್ಸಂಗಿಲ್ಲ ಅನ್ನಂಗಿಲ್ಲ. ಕೂಸು ಯಾರ ಹಂತ್ಯಾಕ ಇದ್ರ ಛಲೋ ಅನ್ನೋದು ಕೋರ್ಟು ನೋಡ್ತದ, ಯಾರು ರೊಕ್ಕ ಕೊಟ್ರು ಅಂತಲ್ಲ.” ಆಮೇಲೆ ನಾನು ಎದ್ದಾಗ ಬಾಗಿಲಲ್ಲಿ ನಿಲ್ಲಿಸಿ ಇನ್ನೊಂದು ಮಾತು ಹೇಳಿದರು. “ಅವರು ಹಿರೇರ್ನ ಕರ್ಕೊಂಡು ಫೈಸಲಾಕ್ಕ ಬರ್ತಾರ ನೋಡ್ರಿ. ಈ ಕೂಸಿನ ಹಕ್ಕು ಮಾತ್ರ ಬರ್ಕೊಡಬ್ಯಾಡ್ರಿ. ಅದು ಬಿಟ್ಟುಕೊಡಾಕ ನಿಮ್ಮದಲ್ಲ.”

ಅವರು ಹೇಳಿದಂತೆಯೇ ಆಯಿತು. ಬಿಸಿಲು ನೆತ್ತಿಗೇರಿದ ದಿನಗಳಲ್ಲಿ ಒಂದು ಬೆಳಿಗ್ಗೆ ದೇವದುರ್ಗದ ನಮ್ಮ ಮನೆಯ ಮುಂದೆ ಎರಡು ಕಾರು ನಿಂತವು. ಮಹಾಂತೇಶನ ಅಣ್ಣ ಶರಣಪ್ಪ ಭಾವ, ಅವರ ಕಡೆಯ ಮೂವರು ಹಿರಿಯರು. ಮಹಾಂತೇಶ ಬಂದಿರಲಿಲ್ಲ. ಅಪ್ಪ ಪಡಸಾಲೆಯಲ್ಲಿ ಚಾಪೆ ಹಾಸಿ ಎಲ್ಲರಿಗೂ ಮಜ್ಜಿಗೆ ಕೊಟ್ಟರು. ನಾನು ಅಡುಗೆಮನೆಯ ಬಾಗಿಲಲ್ಲಿ ಭೂಮಿಯನ್ನು ಎತ್ತಿಕೊಂಡು ನಿಂತಿದ್ದೆ.

ಭಾವ ನಯವಾಗಿ ಮಾತು ತೆಗೆದರು. “ನೋಡ್ರಿ ಮಾವಾರ, ಆಗಬಾರದಿತ್ತು, ಆಯ್ತು. ನಾವೇನು ಕೈ ಬಿಡೋ ಮಂದಿ ಅಲ್ಲ. ಒಂದೇ ಸಲಕ್ಕ ಒಂದು ಮೊತ್ತ ಕೊಟ್ಟುಬಿಡ್ತೀವಿ. ಇಬ್ಬರೂ ಒಪ್ಪಿ ಬಿಡುಗಡಿ ತಗೊಳ್ಳಿ. ತಾಯಿ ಮಗಳು ಇಬ್ರೂ ಮುಂದ ಏನೂ ಕೇಳಂಗಿಲ್ಲ ಅಂತ ಒಂದು ಕಾಗದಕ್ಕ ಸಹಿ ಮಾಡಿದ್ರ ಮುಗೀತು.”

ಅವರು ಹೇಳಿದ ಮೊತ್ತ ಕೇಳಿ ಅಪ್ಪನ ಮುಖ ಸಡಿಲವಾಯಿತು. ಅದು ನಮ್ಮಂಥವರಿಗೆ ದೊಡ್ಡದೇ. ಅಪ್ಪ ನನ್ನ ಕಡೆ ನೋಡಿದರು. ಆ ನೋಟದಲ್ಲಿ ಒಪ್ಪಿಕೋ ಎಂಬ ಬೇಡಿಕೆ ಇತ್ತು. ನಾನು ಹೊರಗೆ ಬಂದೆ.

“ಭಾವಾರ, ನನ್ನ ಮಾತು ಇವತ್ತೇ ಮುಗಿಸ್ತೀನಿ. ನಿಮ್ಮ ಮನಿಯ ಒಂದು ಕಾಳು ನನಗ ಬ್ಯಾಡ. ಆದ್ರ ಭೂಮಿ ಪಾಲು ಬಿಟ್ಟುಕೊಡಂಗಿಲ್ಲ.”

ಹಿರಿಯರೊಬ್ಬರು ತಟ್ಟನೆ ನೆಟ್ಟಗೆ ಕೂತರು. “ಭೂಮಿ? ಹೊಲದ ಮಾತು ಎಲ್ಲಿಂದ ಬಂತು ನಡುವ? ಶರಣಪ್ಪ, ಹೊಲಾನೂ ಕೇಳಾಕತ್ತಾರೇನು ಇವ್ರು?”

ನಾನು ಮಗಳನ್ನು ಅವರ ಮುಂದೆ ಇಳಿಸಿ ನಿಲ್ಲಿಸಿದೆ.

“ಈಕಿ ಭೂಮಿ, ನನ್ನ ಮಗಳು. ಈಕಿ ಹೆಸರ ಗೊತ್ತಿಲ್ಲದ ಈಕಿ ಫೈಸಲಾಕ್ಕ ಬಂದೀರೇನ್ರಿ?”

ಆ ಹಿರಿಯರು ಮಜ್ಜಿಗೆಯ ಲೋಟ ನೋಡುತ್ತ ಕೂತರು. ಭಾವನ ನಯ ಹೋಯಿತು. “ನಿನ್ನ ಓದೇ ನಿನ್ನ ಕೆಡಿಸೇತಿ. ಕೋರ್ಟ್ ಮೆಟ್ಟಲ ಹತ್ತಿದ್ರ ಚಪ್ಪಲಿ ಸವೀತಾವ, ಮತ್ತೇನೂ ಸಿಗಂಗಿಲ್ಲ” ಎಂದು ಎದ್ದರು.

“ಸವೀಲಿ ಬಿಡ್ರಿ,” ಎಂದೆ. “ಬರಿಗಾಲಲ್ಲೂ ಬರ್ತದ ನಡಿಯಾಕ.”

ಕಾರುಗಳು ಹೋದ ಮೇಲೆ ಅಪ್ಪ ಕೂಗಾಡಿದರು. “ನಿನ್ನ ಬಾಯಿಗೆ ಲಗಾಮಿಲ್ಲ. ದೊಡ್ಡ ಮಂದಿ ಕೂಡ ವೈರ ಕಟ್ಟಿಕೊಂಡು ನಾವು ಬದುಕ್ತೀವೇನು? ಕೋರ್ಟು ಅನ್ನೋದು ನಮ್ಮಂಥೋರಿಗಲ್ಲ.” ಆಮೇಲೆ ನನ್ನೊಡನೆ ಮಾತು ಬಿಟ್ಟರು. ನನಗೆ ಅವರ ಮೇಲೆ ಸಿಟ್ಟಿರಲಿಲ್ಲ. ಜೀವಮಾನವಿಡೀ ಬಸ್ಸಿನಲ್ಲಿ ಜನರ ಜಗಳ ಬಿಡಿಸಿ ಬದುಕಿದ ಮನುಷ್ಯ. ಜಗಳ ಮುಗಿದರೆ ಸಾಕೆನ್ನುವುದೇ ಅವರಿಗೆ ರೂಢಿ. ರಜಿಯಾ ಮೇಡಂ ಮಾತ್ರ ಬೇರೆ ಕಾರಣಕ್ಕೆ ಬೈದರು: “ನಿಮ್ಮದು ಬ್ಯಾಡಂತ ಯಾಕ ಅಂದ್ರಿ? ಅದೂ ಹಕ್ಕ ಐತಲ್ರೀ.” ಇರಬಹುದು. ಅವತ್ತು ನನ್ನ ನಾಲಗೆಗೆ ಬಂದದ್ದು ಅದೇ, ಇವತ್ತಿಗೂ ಆ ಮಾತಿನ ಬಗ್ಗೆ ಪಶ್ಚಾತ್ತಾಪವಿಲ್ಲ.

ಶಾಲೆ ಶುರುವಾದಾಗ ರಾಯಚೂರಿನ ಹತ್ತಿರದ ಗುಂಜಹಳ್ಳಿಯಲ್ಲಿ ಅತಿಥಿ ಶಿಕ್ಷಕಿಯ ಕೆಲಸ ಸಿಕ್ಕಿತು. ರಾಯಚೂರಿನಲ್ಲಿ ಒಂದು ಕೋಣೆ ಹಿಡಿದೆ. ಕಲ್ಲಿನ ಗೋಡೆ, ತಗಡಿನ ಚಾವಣಿ. ನನ್ನ ಜೊತೆ ಇರಲು ಅವ್ವ ಬಂದಳು. ಭೂಮಿಯ ಹೆಸರಿನಲ್ಲಿ ಜೀವನಾಂಶಕ್ಕೆ ಅರ್ಜಿ ಹಾಕಿದೆವು, ಅವಳ ಪರವಾಗಿ ನಾನು.

ಕೇಸಿನ ಮೊದಲ ತಾರೀಖಿನ ದಿನ ಕೋರ್ಟಿನ ಬೇವಿನ ಮರದ ಕೆಳಗೆ ಅಪ್ಪ ಛತ್ರಿ ಹಿಡಿದು ನಿಂತಿದ್ದರು.

“ಯಪ್ಪಾ, ನೀ ಹ್ಯಾಂಗ ಬಂದಿ?”

“ಪಾಸ್ ಅದಲ್ಲ ನನ್ನ ಹಂತ್ಯಾಕ. ಹಂಗ ಬಸ್ಸಿನಾಗ ಕುಂತೆ, ಇಲ್ಲಿ ಇಳಿಸಿದ್ರು,” ಎಂದು ನನ್ನ ಕೈಯಲ್ಲಿದ್ದ ಕಾಗದಗಳ ಚೀಲ ತೆಗೆದುಕೊಂಡರು. ಆಮೇಲೆ ಒಂದು ತಾರೀಖನ್ನೂ ಅವರು ತಪ್ಪಿಸಲಿಲ್ಲ.

ಮಹಾಂತೇಶನ ಕಡೆಯವರು ಕೊಟ್ಟ ಜವಾಬನ್ನು ಎರಡು ಸಲ ಓದಿದೆ. ಗಿರಣಿ ತಂದೆಯದು, ಹೊಲ ತಂದೆಯದು, ತಾನು ಅಲ್ಲಿ ಸಂಬಳಕ್ಕಿರುವ ಆಳು ಎಂದು ಬರೆಸಿದ್ದ. ಅದಕ್ಕೆ ನಾನು ನಗಬಹುದಿತ್ತು. ಕೆಳಗೆ ಇನ್ನೊಂದು ಸಾಲಿತ್ತು: ಮಗುವಿಗೆ ಮಾತು ಬರುವ ಸಂಭವವಿಲ್ಲದ ಕಾರಣ ತರಬೇತಿಯ ಖರ್ಚು ಅನಗತ್ಯ.

ರಜಿಯಾ ಮೇಡಂ ಮೊದಲನೆಯದನ್ನು ನೋಡಿಕೊಂಡರು. ಸಂಬಳದ ಆಳು ಹೊಸ ಕಾರಿನಲ್ಲಿ ಊರೂರು ಸಂಬಂಧ ನೋಡಲು ಹೋಗುವುದು ಹೇಗೆ ಎಂದು ಕೇಳಿದರು; ಇಬ್ಬರೂ ಆದಾಯ ಆಸ್ತಿಗಳ ವಿವರವನ್ನು ಪ್ರಮಾಣ ಮಾಡಿ ಕೊಡಬೇಕೆಂದು ಪಟ್ಟು ಹಿಡಿದರು. ಎರಡನೆಯದಕ್ಕೆ ನಾನೇ ಉತ್ತರಿಸಬೇಕೆನಿಸಿತು. ನ್ಯಾಯಾಧೀಶರ ಅಪ್ಪಣೆ ಕೇಳಿ ಎದ್ದು ನಿಂತೆ.

“ಸರ್, ನನ್ನ ಮಗಳ ನಾಲಗಿಗೆ ಏನೂ ಆಗಿಲ್ಲ. ಕಿವಿಗೆ ಕೇಳಿಸಿದ್ರ ಮಾತು ಬರ್ತದ. ಕೇಳಿಸಾಕ ಖರ್ಚಾಗ್ತದ. ಆಗಲೇ ಆಕಿ ಅವ್ವ ಅಂತಾಳ, ನೀರು ಅಂತಾಳ. ಉಳಿದ ಮಾತೂ ಬೇಕು ಆಕಿಗೆ.”

ಮಹಾಂತೇಶ ಗೋಡೆ ನೋಡುತ್ತ ನಿಂತಿದ್ದ. ಅವಳು ಅವ್ವ ಎನ್ನುತ್ತಾಳೆಂಬುದು ಅವನಿಗೆ ಗೊತ್ತೇ ಇರಲಿಲ್ಲ.

ದಸರೆಯ ರಜೆಗೆ ಮೊದಲು ಮಧ್ಯಂತರ ಆದೇಶವಾಯಿತು. ಕೇಸು ಮುಗಿಯುವವರೆಗೆ ಪ್ರತಿ ತಿಂಗಳು ಮಗಳ ಪಾಲನೆಗೆ ಇಷ್ಟು ಕೊಡಬೇಕು, ಅರ್ಜಿ ಹಾಕಿದ ದಿನದಿಂದಲೇ ಲೆಕ್ಕ. ಅಪ್ಪ ಕೋರ್ಟಿನ ಹೊರಗೆ ಎಲ್ಲರಿಗೂ ಮಿರ್ಚಿ ಭಜಿ ಕೊಡಿಸಿದರು. ಆದೇಶ ಬಂದ ಕೂಡಲೇ ಎಲ್ಲ ಮುಗಿಯಿತೆಂದು ನಾವು ತಿಳಿದಿದ್ದೆವು. ಅವನು ಒಂದು ಪೈಸೆಯನ್ನೂ ಕಳಿಸಲಿಲ್ಲ.

ಆ ಮಳೆಗಾಲದ ತೇವಕ್ಕೆ ಒಂದು ಕಿವಿಯ ಮಷೀನು ಸತ್ತುಹೋಗಿತ್ತು. ಚಳಿಗಾಲ ಪೂರ್ತಿ ಭೂಮಿ ಒಂದೇ ಕಿವಿಯಲ್ಲಿ ಕಲಿತಳು. ತಲೆಯನ್ನು ಒಂದು ಕಡೆ ವಾಲಿಸಿ, ಹಕ್ಕಿಯ ಹಾಗೆ ನೋಡುತ್ತ ಕೇಳುವಳು. ಎಲೆಯಲ್ಲಿನ ಲ, ಮಳೆಯಲ್ಲಿನ ಳ ಅವಳಿಗೆ ಬೇರೆಬೇರೆಯಾಗಿ ಕೇಳಿಸುತ್ತಿರಲಿಲ್ಲ. ನನ್ನ ಅತಿಥಿ ಸಂಬಳ ಬಂದಾಗ ಬಂದ ಹಾಗೆ. ಶಾಲೆಯಲ್ಲಿ ಒಬ್ಬರು ಟೀಚರು ನನಗೆ ಕೇಳುವಂತೆಯೇ, “ಗಂಡನ ಮಾನ ಕೋರ್ಟಿನಾಗ ಹರಾಜಿಗಿಟ್ಟಾಳ” ಎಂದರು. ನಾನು ಅವರ ಎದುರು ಕುರ್ಚಿ ಎಳೆದುಕೊಂಡು ಕೂತೆ. “ಟೀಚರ್, ಮಗಳಿಗೆ ಅನ್ನ ಹಾಕು ಅಂದ್ರ ಮಾನ ಹೋಗ್ತದಂದ್ರ, ಅದು ಎಂಥ ಮಾನ, ನೀವ ಹೇಳ್ರಿ?” ಎಂದೆ. ಅವರು ಹಾಜರಿ ಹಾಕಲು ಎದ್ದುಹೋದರು.

ಮಹಾಂತೇಶ ಜೈಲಿಗಾದರೂ ಹೋಗುತ್ತೇನೆ, ಅವಳಿಗೆ ಕೊಡುವುದಿಲ್ಲ ಎನ್ನುತ್ತಿದ್ದಾನೆಂದು ಸುದ್ದಿ ಬಂತು. ನಾನು ಹೆದರಿ ಮೇಡಂ ಹತ್ತಿರ ಹೋದೆ. ಅವರು ನಕ್ಕರು. “ಹೋಗ್ಲಿ ಬಿಡ್ರಿ. ಜೈಲಿಗೆ ಹೋಗಿ ಬಂದ್ರೂ ಬಾಕಿ ತೀರಂಗಿಲ್ಲ. ಇದು ಹುಡುಗಿ ಊಟದ ಬಾಕಿ, ಗೊತ್ತಾತೇನ್ರಿ?” ವಸೂಲಿಗೆ ಅರ್ಜಿ ಹಾಕಿದರು. ನೋಟಿಸಿಗೂ ಅವನು ಬರಲಿಲ್ಲ. ವಾರಂಟು ಹೊರಟಿತು.

ಬಿಸಿಲು ಮತ್ತೆ ಏರತೊಡಗಿತ್ತು. ಲಾರಿಗಳಿಗೆ ಅಕ್ಕಿ ತುಂಬುವ ಹೊತ್ತಿಗೆ ಗಿರಣಿಯ ಗೇಟಿನ ಮುಂದೆ ಪೊಲೀಸ್ ಜೀಪು ನಿಂತಿತಂತೆ. ಹಮಾಲರು, ಡ್ರೈವರುಗಳು, ನೆಲ್ಲು ತಂದ ಕುರ್ಡಿ ಊರಿನ ರೈತರು, ಎಲ್ಲರೂ ನೋಡುತ್ತಿದ್ದರಂತೆ. ಕೋರ್ಟಿನ ಆದೇಶಕ್ಕೆ ಜಗ್ಗದ ಮಾವ ಆ ಜೀಪಿಗೆ ಜಗ್ಗಿದರು. ಮುಂದಿನ ತಾರೀಖಿಗೆ ಪೂರ್ತಿ ಬಾಕಿಯೊಂದಿಗೆ ಹಾಜರಾಗುತ್ತೇವೆಂದು ಅವರ ವಕೀಲರು ಬರೆದುಕೊಟ್ಟರು.

ಅಂದಿನಿಂದ ಇಂದಿನವರೆಗೆ ಏನಾಯಿತೆಂಬುದನ್ನೂ ಹೇಳಿಬಿಡುತ್ತೇನೆ. ವಿಚ್ಛೇದನವಾಯಿತು. ಅವನು ಮತ್ತೆ ಮದುವೆಯಾದ. ಹೊಸ ಸಂಸಾರವಿದೆ, ಕಡಿಮೆ ಮಾಡಿ ಎಂದು ಒಮ್ಮೆ ಅರ್ಜಿ ಹಾಕಿದ. ಎರಡನೆಯ ಮಗು ಹುಟ್ಟಿತೆಂದು ಮೊದಲನೆಯದು ಹುಟ್ಟಿಲ್ಲವೆಂದಾಗುವುದಿಲ್ಲ ಎಂದು ನಾನೂ ಹೋಗಿ ನಿಂತೆ. ಅರ್ಜಿ ಬಿದ್ದುಹೋಯಿತು. ಹಣ ಮಗಳ ಖಾತೆಗೆ ಬರುತ್ತದೆ. ತಡವಾದರೆ ನಾನು ಸುಮ್ಮನಿರುವುದಿಲ್ಲ. ಮಗಳನ್ನು ನೋಡಬೇಕೆಂದರೆ ಬರಲಿ ಎಂದು ಅವನಿಗೆ ಅಂದೇ ಹೇಳಿಸಿದ್ದೆ. ಈವರೆಗೆ ಕೇಳಿಲ್ಲ. ನನ್ನ ಕೆಲಸ ಕಾಯಂ ಆಗಿದೆ. ಭೂಮಿ ಐದನೆಯ ತರಗತಿಯಲ್ಲಿದ್ದಾಳೆ, ಬಹಳ ಮಾತಾಡುತ್ತಾಳೆಂದು ಅವಳ ಟೀಚರು ದೂರುತ್ತಾರೆ.

ನನಗೆ ಹೇಳಬೇಕಾಗಿದ್ದದ್ದು ಆ ಬಾಕಿ ಕೊಟ್ಟ ದಿನದ ಮಾತು. ಅಂದು ಅವ್ವನಿಗೆ ಜ್ವರವಿದ್ದುದರಿಂದ ಭೂಮಿಯನ್ನೂ ಕೋರ್ಟಿಗೆ ಕರೆದುಕೊಂಡು ಹೋಗಿದ್ದೆ. ಹೊರಗಿನ ಪಡಸಾಲೆಯಲ್ಲಿ ಎರಡೂ ಕಡೆಯ ವಕೀಲರು ಬಾಕಿ ಹಣ ಎಣಿಸಿ ಕವರಿಗೆ ಹಾಕಿದರು. ಶರಣಪ್ಪ ಭಾವ ಆ ಕವರನ್ನು ನನ್ನ ಕಡೆ ಚಾಚಿದರು. “ತಗೋ. ತೃಪ್ತಿ ಆತೇನು? ಸಿಕ್ತು ನಿನ್ನ ರೊಕ್ಕ.”

ನಾನು ಕೈ ಮುಂದೆ ಮಾಡಲಿಲ್ಲ.

“ಇದು ನನ್ನದಲ್ರಿ ಭಾವಾರ. ನಿಮ್ಮ ತಮ್ಮ ಕೊಡ್ಲಿ. ಯಾರಿಗೆ ಕೊಡಾಕತ್ತಾನ, ಹೆಸರು ಹೇಳಿ ಕೊಡ್ಲಿ.”

“ಶಾರದಾ, ಸಾಕಿನ್ನ,” ಎಂದು ಭಾವ ನನ್ನ ಮೇಲೆ ಹಲ್ಲು ಕಡಿದರು. ರಜಿಯಾ ಮೇಡಂ ತಮ್ಮ ಕೋಟಿನ ಗುಂಡಿ ನೋಡಿಕೊಳ್ಳುತ್ತ ನಿಂತರು, ನನ್ನನ್ನು ತಡೆಯಲಿಲ್ಲ. ಅಪ್ಪ ಛತ್ರಿ ಊರಿಕೊಂಡು ನನ್ನ ಪಕ್ಕಕ್ಕೆ ಬಂದರು. “ಆಕಿ ಕೇಳಿದ್ದು ಸರಿ ಅದ,” ಎಂದರು, ಬಸ್ಸಿನ ಕೊನೆಯ ಸೀಟಿಗೆ ಕೇಳುವ ದನಿಯಲ್ಲಿ. ಪಡಸಾಲೆಯಲ್ಲಿದ್ದ ಜನ ತಿರುಗಿ ನೋಡಿದರು.

ಅಣ್ಣನ ಹಿಂದೆ ನಿಂತಿದ್ದ ಮಹಾಂತೇಶ ಕವರು ಇಸಿದುಕೊಂಡ. ತುಟಿ ಅಲ್ಲಾಡಿತು.

“ಭೂಮಿ,” ಎಂದ. ಹತ್ತಿರವಿದ್ದ ನನಗೇ ಸರಿಯಾಗಿ ಕೇಳಲಿಲ್ಲ. ಭೂಮಿ ಬೆಂಚಿನ ಮೇಲೆ ಆಚೆ ಮುಖ ಮಾಡಿ ಕೂತು ಕಾಲು ಆಡಿಸುತ್ತಿದ್ದಳು.

“ಹಂಗ ಅಂದ್ರ ಆಕಿಗೆ ಕೇಳಂಗಿಲ್ಲ,” ಎಂದೆ. “ಬಾಯಿ ಬಿಚ್ಚಿ, ಜೋರಾಗಿ ಅನ್ರಿ.”

ಅವನು ನನ್ನನ್ನು ನೋಡಿದ. ಅಪ್ಪನನ್ನು ನೋಡಿದ. ಸುತ್ತ ನಿಂತ ಜನರನ್ನು ನೋಡಿದ. ಆಮೇಲೆ ಬೆಂಚಿನ ಹತ್ತಿರ ಹೋಗಿ, ಸ್ವಲ್ಪ ಬಾಗಿ, ದೊಡ್ಡ ದನಿಯಲ್ಲಿ ಕರೆದ:

“ಭೂಮಿಕಾ!”

ಅವಳು ತಿರುಗಿದಳು. ಅವನು ಯಾರೆಂದು ಅವಳಿಗೆ ನೆನಪಿರಲಿಲ್ಲ. ಆದರೆ ಹೆಸರು ಕೇಳಿಸಿದರೆ ಕೈ ಎತ್ತಬೇಕು, ಕರೆದವರು ನಿನ್ನನ್ನು ನೋಡಿ ಹೂಂ ಎನ್ನುವ ತನಕ ಇಳಿಸಬಾರದು ಎಂದು ಸುನೀತಾ ಟೀಚರ್ ಅದೇ ತಿಂಗಳು ಅವಳಿಗೆ ಕಲಿಸಿದ್ದರು. ಅವಳು ಬಲಗೈಯನ್ನು ನೆಟ್ಟಗೆ ತಲೆಯ ಮೇಲಕ್ಕೆ ಎತ್ತಿದಳು. ಅವನು ತಲೆ ತಗ್ಗಿಸಿದ. ಅವಳು ಕೈ ಇಳಿಸಲಿಲ್ಲ. ಅವನು ಕವರನ್ನು ಅವಳ ತೊಡೆಯ ಮೇಲೆ ಇಟ್ಟ. ಆಗಲೂ ಇಳಿಸಲಿಲ್ಲ. ಅವನು ತಲೆಯೆತ್ತಿ ಅವಳ ಮುಖ ನೋಡಿ “ಹೂಂ” ಎನ್ನುವವರೆಗೆ ನನ್ನ ಮಗಳ ಕೈ ಮೇಲೆಯೇ ಇತ್ತು.